ಸೆಂಟ್ರಲ್ ಕಾಲೇಜಿನಿಂದ ಜ್ಞಾನಭಾರತಿಯವರೆಗೆ

ಬೆಂಗಳೂರಿನಲ್ಲಿ ಓದಿದವರನ್ನು ನಾವು ‘ಯಾವ ಕಾಲೇಜು?’ ಅಂತ ಕೇಳುತ್ತೇವೆ. ‘ಯಾವ ಯೂನಿವರ್ಸಿಟಿ?’ ಅಂತ ಕೇಳುವವರು ಕಡಿಮೆ. ಮೈಸೂರಿನವರಿಗೆ ಮಾನಸಗಂಗೋತ್ರಿ ಮನೆಮಾತು. ಧಾರವಾಡದವರು ಊರಿಗೆ ಬಂದ ನೆಂಟರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ ತೋರಿಸುತ್ತಾರೆ. ಬೆಂಗಳೂರಿನವರು ಹೊರಗಿನವರಿಗೆ ತೋರಿಸುವುದು ಭಾರತೀಯ ವಿಜ್ಞಾನ ಸಂಸ್ಥೆಯಾದ ಟಾಟಾ ಇನ್‌ಸ್ಟಿಟ್ಯೂಟನ್ನು. ತಮ್ಮ ಊರಿನ ಹೆಸರನ್ನೇ ಹೊತ್ತ ಬೆಂಗಳೂರು ವಿಶ್ವವಿದ್ಯಾಲಯವನ್ನು ಅಷ್ಟಾಗಿ ಯಾರೂ ತೋರಿಸುವುದಿಲ್ಲ. ಅದರ ಆವರಣವಾದ ಜ್ಞಾನಭಾರತಿ ಅಂದರೆ ಬಹಳ ಮಂದಿಗೆ ಒಂದು ಮೆಟ್ರೊ ನಿಲ್ದಾಣ, ಇಲ್ಲವೇ ಕೆಎ-41 ನಂಬರ್ ಪ್ಲೇಟು ಕೊಡುವ ಆರ್‌ಟಿಒ. ಸೆಂಟ್ರಲ್ ಕಾಲೇಜು ಅಂದರೂ ಅಷ್ಟೇ, ಮೈಸೂರು ಬ್ಯಾಂಕ್ ಸರ್ಕಲ್ ಕಡೆಯಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಂಡು ಮರೆಯಾಗುವ ಕಲ್ಲಿನ ಕಟ್ಟಡ.

ನಾನು ಎಂ.ಎ. ಓದಿದ್ದು ಜ್ಞಾನಭಾರತಿಯಲ್ಲಿ. ಈಗ ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡುತ್ತೇನೆ. ಈ ನಗರಕ್ಕೆ ಕನ್ನಡದ ಬೌದ್ಧಿಕ ಬದುಕು ಅಂತ ಏನಾದರೂ ಇದ್ದರೆ ಅದರಲ್ಲಿ ದೊಡ್ಡ ಪಾಲು ಈ ಎರಡು ಆವರಣಗಳಲ್ಲಿ ಬೆಳೆದದ್ದು ಅನ್ನುವುದು ನನ್ನ ನಂಬಿಕೆ. ನನ್ನ ವಿದ್ಯಾರ್ಥಿಗಳಿಗೆ ಇದರ ಕಥೆ ಗೊತ್ತಿಲ್ಲ. ಗೊತ್ತಾಗುವ ಹಾಗೆ ಯಾರೂ ಹೇಳಿಯೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು 1858ರಲ್ಲಿ. ಆಗ ಮೈಸೂರು ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು, ಮಾರ್ಕ್ ಕಬ್ಬನ್ ಇನ್ನೂ ಅಧಿಕಾರದಲ್ಲಿದ್ದ ಕಾಲ. ಮದ್ರಾಸು ವಿಶ್ವವಿದ್ಯಾಲಯ ಹುಟ್ಟಿ ಒಂದು ವರ್ಷವಾಗಿತ್ತು. ಬೆಂಗಳೂರಿನಲ್ಲಿ ಸರ್ಕಾರದ ಒಂದು ಹೈಸ್ಕೂಲು ತೆರೆದರು. ಅದರ ಮೊದಲ ಮುಖ್ಯಸ್ಥರು ರೆವರೆಂಡ್ ಜಾನ್ ಗ್ಯಾರೆಟ್. ವೆಸ್ಲಿಯನ್ ಮಿಷನ್ನಿನ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದ ಈತ 1849ರಲ್ಲಿ ಇದೇ ಬೆಂಗಳೂರಿನಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪಕ್ಕಪಕ್ಕದ ಸಾಲುಗಳಲ್ಲಿ ಅಚ್ಚು ಹಾಕಿಸಿದ್ದರು. ಧರ್ಮಪ್ರಚಾರಕ್ಕೆಂದು ಬಂದ ಪಾದ್ರಿಯೊಬ್ಬರು ಗೀತೆಯನ್ನು ಕನ್ನಡದ ಜೊತೆ ಮೊಳೆ ಜೋಡಿಸಿ ಮುದ್ರಿಸಿದ ಆ ಶ್ರಮವನ್ನು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಈ ಗೀತೆಯ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

1875ರಲ್ಲಿ ಆ ಹೈಸ್ಕೂಲಿಗೆ ಸೆಂಟ್ರಲ್ ಕಾಲೇಜು ಅಂತ ಹೆಸರಾಯಿತು. ಪದವಿ ಮದ್ರಾಸಿನದು, ಪಾಠ ಬೆಂಗಳೂರಿನದು. ಮುದ್ದೇನಹಳ್ಳಿಯಿಂದ ಬಂದ ವಿಶ್ವೇಶ್ವರಯ್ಯ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಇಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಎಂಜಿನಿಯರಿಂಗಿಗೆ ಪುಣೆಗೆ ಹೋದದ್ದು ಆಮೇಲೆ. ಹೊಸೂರಿನ ಕಡೆಯಿಂದ ಬಂದ ರಾಜಾಜಿ ಕೂಡ ಇಲ್ಲಿಯ ವಿದ್ಯಾರ್ಥಿ. ಇಂಥ ದೊಡ್ಡ ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ, ಹೇಳಲಿ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮುಂದಿನ ಕಾಲ.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರಾಗಿದ್ದ ಅದೇ ವಿಶ್ವೇಶ್ವರಯ್ಯ, ಇಬ್ಬರೂ ಸೇರಿ ಮೈಸೂರು ವಿಶ್ವವಿದ್ಯಾಲಯವನ್ನು ಕಟ್ಟಿದರು. ಅದರ ಕೆಳಗೆ ಇದ್ದ ಎರಡು ಮುಖ್ಯ ಕಾಲೇಜುಗಳು ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಕೆಲಸ ಹಂಚಿಕೊಂಡರು: ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ ಮೈಸೂರಿಗೆ; ವಿಜ್ಞಾನ ಬೆಂಗಳೂರಿಗೆ. ಮರುವರ್ಷ, 1917ರಲ್ಲಿ, ಎಂಜಿನಿಯರಿಂಗ್ ಕಾಲೇಜೂ ಬೆಂಗಳೂರಿನಲ್ಲೇ ಶುರುವಾಯಿತು. ಈಗ ಕೆ.ಆರ್. ಸರ್ಕಲ್ಲಿನಲ್ಲಿ ಯುವಿಸಿಇ ಅಂತ ನಾವು ಕರೆಯುವುದು ಅದನ್ನೇ. ಬೆಂಗಳೂರು ತಂತ್ರಜ್ಞಾನದ ಊರಾದದ್ದು ಐಟಿ ಕಂಪನಿಗಳು ಬಂದ ಮೇಲೆ ಅಂತ ತಿಳಿದಿರುವವರು ಈ ಹಂಚಿಕೆಯನ್ನು ಒಮ್ಮೆ ನೋಡಬೇಕು.

ವಿಜ್ಞಾನದ ಕಾಲೇಜಾದ ಮೇಲೆ ಅಲ್ಲಿ ಕನ್ನಡಕ್ಕೇನು ಕೆಲಸ? ಆಗ ಕನ್ನಡದಲ್ಲಿ ಎಂ.ಎ. ಎಲ್ಲೂ ಇರಲಿಲ್ಲ. ಅದು ಮೈಸೂರಿನಲ್ಲಿ ಶುರುವಾದದ್ದು 1927ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ, 1919ರಲ್ಲಿ, ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಬಂತು. ಸಂಘ ಕಟ್ಟಿದವರೂ ಪತ್ರಿಕೆ ನಡೆಸಿದವರೂ ಎ.ಆರ್. ಕೃಷ್ಣಶಾಸ್ತ್ರಿಗಳು. ಇವತ್ತು ನಾಡಿನ ಯಾವ ಕಾಲೇಜಿಗೆ ಹೋದರೂ ಒಂದು ಕನ್ನಡ ಸಂಘ ಇರುತ್ತದೆ. ನವೆಂಬರಿನಲ್ಲಿ ಬಾವುಟ ಹಾರಿಸಿ, ಒಂದು ಭಾಷಣ ಮಾಡಿಸಿ, ಸಿಹಿ ಹಂಚುತ್ತಾರೆ. ಅವುಗಳ ಹಿರಿಯಕ್ಕ ಈ ಸೆಂಟ್ರಲ್ ಕಾಲೇಜಿನ ಸಂಘ. ಅದು ಇಟ್ಟುಕೊಂಡದ್ದು ದೊಡ್ಡ ಆಸೆ. ಓದಿದವರು ತಮ್ಮ ಓದನ್ನು ಕನ್ನಡದಲ್ಲಿ ಬರೆಯಬೇಕು, ಬರೆದದ್ದನ್ನು ಓದುವ ಒಂದು ಸಮಾಜ ಬೆಳೆಯಬೇಕು. ಮುಂದೆ ಮೈಸೂರು ವಿಶ್ವವಿದ್ಯಾಲಯ ಆ ಪತ್ರಿಕೆಯನ್ನು ತಾನೇ ವಹಿಸಿಕೊಂಡಿತು.

ಅದೇ ಸುಮಾರಿಗೆ, ಅದೇ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಡನೆ ‘ವಿಜ್ಞಾನ’ ಅನ್ನುವ ಕನ್ನಡ ಪತ್ರಿಕೆ ನಡೆಸಿದರು. ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಆ ದಿನಗಳನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಿ. ಹಗಲು ಇಂಗ್ಲಿಷಿನಲ್ಲಿ ಬೆಳಕು, ಶಾಖ, ಶಬ್ದದ ಪಾಠ. ಸಂಜೆ ಕೂತು ಅದನ್ನೇ ಇಂಗ್ಲಿಷ್ ಬಾರದವನಿಗೆ ಕನ್ನಡದಲ್ಲಿ ಹೇಳುವ ಬಗೆ ಹುಡುಕುವುದು. ಹಳಗನ್ನಡ ಕಾವ್ಯಗಳನ್ನು ಬಲ್ಲ, ಸಾಹಿತ್ಯ ಪರಿಷತ್ತಿನ ಕೆಲಸಕ್ಕೂ ಹೆಗಲು ಕೊಟ್ಟ ಮನುಷ್ಯ ಅವರು. ಒಂದು ಪಾರಿಭಾಷಿಕ ಪದಕ್ಕೆ ಅವರು ಎಷ್ಟು ಹೊತ್ತು ತಿಣುಕಿರಬಹುದು! ನಾನು ವಿಜ್ಞಾನದ ಹುಡುಗರಿಗೆ ಕನ್ನಡ ಹೇಳುವಾಗ ಅವರ ಹೆಸರನ್ನು ಬೋರ್ಡಿನ ಮೇಲೆ ಬರೆಯದೆ ತರಗತಿ ಮುಗಿಸುವುದಿಲ್ಲ.

ಈ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. ವಿ. ಸೀತಾರಾಮಯ್ಯನವರು ಅಲ್ಲಿ ಪಾಠ ಹೇಳಿದರು. ಜಿ.ಪಿ. ರಾಜರತ್ನಂ ಅಲ್ಲಿ ಪಾಠ ಹೇಳಿದ್ದಷ್ಟೇ ಅಲ್ಲ, ಹುಡುಗರ ಕೈಯಲ್ಲಿ ಬರೆಸಿ ಅದನ್ನು ಅಚ್ಚು ಮಾಡಿಸಿದರು. ಭೂವಿಜ್ಞಾನ ಓದಲು ಬಂದ ಕೆ.ಎಸ್. ನಿಸಾರ್ ಅಹಮದ್ ಅಲ್ಲಿಂದ ಹೊರಗೆ ಬರುವಾಗ ಕವಿಯೂ ಆಗಿದ್ದರು. ಕಲ್ಲು ಓದುವ ವಿಭಾಗದ ಹುಡುಗನೊಬ್ಬ ಪಕ್ಕದ ಕೋಣೆಯ ಕನ್ನಡ ಮೇಷ್ಟ್ರ ಬಳಿ ಪದ್ಯ ತೋರಿಸಲು ಹೋಗಬಹುದಿತ್ತು. ಒಂದೇ ಸೂರಿನ ಕೆಳಗೆ ಎಲ್ಲ ವಿದ್ಯೆಗಳೂ ಇರಬೇಕು ಅನ್ನುವುದು ಇದಕ್ಕೇ. ಒಂದೊಂದು ವಿದ್ಯೆಗೆ ಒಂದೊಂದು ವಿಶ್ವವಿದ್ಯಾಲಯ ತೆರೆಯುವ ಈ ಕಾಲದಲ್ಲಿ ಆ ಪಕ್ಕದ ಕೋಣೆ ಇಲ್ಲವಾಗುತ್ತಿದೆ ಅನ್ನುವುದು ನನ್ನ ದೊಡ್ಡ ಸಂಕಟ.

ವಿಜ್ಞಾನದ ಕಡೆಯಿಂದ ಒಂದು ದಿನವನ್ನು ಹೇಳದೆ ಮುಂದೆ ಹೋಗಲಾರೆ. 1928ರ ಮಾರ್ಚ್ 16. ಕಲ್ಕತ್ತೆಯಲ್ಲಿ ಕೆ.ಎಸ್. ಕೃಷ್ಣನ್ ಜೊತೆ ಸೇರಿ ಮಾಡಿದ ಪ್ರಯೋಗದ ಫಲವನ್ನು ಸಿ.ವಿ. ರಾಮನ್ ವಿಸ್ತಾರವಾಗಿ ವಿಜ್ಞಾನಿಗಳ ಸಭೆಯ ಮುಂದಿಟ್ಟದ್ದು ಸೆಂಟ್ರಲ್ ಕಾಲೇಜಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ದ್ರವವೊಂದರ ಮೂಲಕ ಒಂದೇ ಬಣ್ಣದ ಬೆಳಕು ಹಾಯಿಸಿದರೆ, ಚದುರಿ ಬರುವ ಬೆಳಕಿನಲ್ಲಿ ಮೂಲದಲ್ಲಿ ಇಲ್ಲದ ಬಣ್ಣದ ಗೆರೆಗಳೂ ಕಾಣುತ್ತವೆ. ಬೆಳಕು ಆ ದ್ರವದ ಅಣುಗಳಿಗೆ ತನ್ನ ಶಕ್ತಿಯಲ್ಲಿ ಸ್ವಲ್ಪ ಕೊಟ್ಟಿರುತ್ತದೆ, ಇಲ್ಲವೇ ಅವುಗಳಿಂದ ಸ್ವಲ್ಪ ಪಡೆದಿರುತ್ತದೆ. ಎಷ್ಟು ಅನ್ನುವುದು ಅಣುವಿನಿಂದ ಅಣುವಿಗೆ ಬೇರೆ, ಹಾಗಾಗಿ ಆ ಗೆರೆಗಳನ್ನು ನೋಡಿಯೇ ವಸ್ತು ಯಾವುದು ಅಂತ ಗುರುತು ಹಿಡಿಯಬಹುದು. ಎರಡು ವರ್ಷದಲ್ಲಿ ನೊಬೆಲ್ ಬಂತು. ಫೆಬ್ರವರಿ 28ನ್ನು ದೇಶವೇ ವಿಜ್ಞಾನ ದಿನ ಅಂತ ಆಚರಿಸುತ್ತದೆ. ಮಾರ್ಚ್ 16ನ್ನು ಬೆಂಗಳೂರಾದರೂ ನೆನೆಯಬಾರದೆ?

ಇನ್ನು 1964. ಆ ವರ್ಷದ ಜುಲೈಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. ಸೆಂಟ್ರಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಎರಡೂ ಅದರ ತಿರುಳು. ಈ ಬದಲಾವಣೆ ನಮ್ಮ ಮನೆಯ ಗೋಡೆಯ ಮೇಲೆಯೇ ಇತ್ತು. ದೊಡ್ಡಪ್ಪನೂ ಅಪ್ಪನೂ ಬಿ.ಎಸ್ಸಿ. ಓದಿದ್ದು ಒಂದೇ ಸೆಂಟ್ರಲ್ ಕಾಲೇಜಿನಲ್ಲಿ. ದೊಡ್ಡಪ್ಪನ ಪದವಿ ಪತ್ರದ ಮೇಲೆ ಮೈಸೂರಿನ ಗಂಡಭೇರುಂಡ, ಅಪ್ಪನದರ ಮೇಲೆ ಬೆಂಗಳೂರಿನ ಲಾಂಛನ. ಕಟ್ಟು ಹಾಕಿಸಿ ಅಕ್ಕಪಕ್ಕ ತೂಗುಹಾಕಿದ್ದರು. ‘ಒಂದೇ ಬೆಂಚಿನ ಮೇಲೆ ಕೂತು ಓದಿದೀವಿ ಕಣಮ್ಮ, ಯೂನಿವರ್ಸಿಟಿ ಮಾತ್ರ ಬೇರೆ ಬೇರೆ’ ಅಂತ ದೊಡ್ಡಪ್ಪ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಆ ಲಾಂಛನಗಳ ಕೆಳಗಿನ ಸಾಲುಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಒಂದರಲ್ಲಿ ‘ನ ಹಿ ಜ್ಞಾನೇನ ಸದೃಶಂ’, ಇನ್ನೊಂದರಲ್ಲಿ ‘ಜ್ಞಾನಂ ವಿಜ್ಞಾನ ಸಹಿತಂ’. ಎರಡೂ ಗೀತೆಯವು, ಮೊದಲನೆಯದು ನಾಲ್ಕನೆಯ ಅಧ್ಯಾಯದ್ದು, ಎರಡನೆಯದು ಒಂಬತ್ತನೆಯದರದ್ದು. ಗ್ಯಾರೆಟ್ ಅಚ್ಚು ಹಾಕಿಸಿದ ಪುಸ್ತಕದ ಸಾಲುಗಳು ಅವರು ನಡೆಸಿದ ಶಾಲೆಯ ಮಕ್ಕಳ ಪದವಿ ಪತ್ರದ ಮೇಲೆ ಹೀಗೆ ಬಂದು ಕೂತವು.

ಹೊಸ ವಿಶ್ವವಿದ್ಯಾಲಯಕ್ಕೆ ಊರ ನಡುವಿನ ಜಾಗ ಸಾಲದಾಯಿತು. ಮೈಸೂರು ರಸ್ತೆಯ ಬದಿಗೆ, ಮಲ್ಲತ್ತಹಳ್ಳಿ, ನಾಗರಭಾವಿ, ನಾಗದೇವನಹಳ್ಳಿಗಳ ನಡುವೆ ಸುಮಾರು 1100 ಎಕರೆ ನೆಲ ಸಿಕ್ಕಿತು. ಅದೇ ಜ್ಞಾನಭಾರತಿ. 1973ರಲ್ಲಿ ವಿಶ್ವವಿದ್ಯಾಲಯ ಅಲ್ಲಿಗೆ ಹೋಯಿತು. ಎಲ್ಲ ವಿಭಾಗಗಳೂ ಒಮ್ಮೆಗೇ ಹೋಗಲಿಲ್ಲ, ಕೆಲವು ಎಷ್ಟೋ ಕಾಲ ಸೆಂಟ್ರಲ್ ಕಾಲೇಜಿನಲ್ಲೇ ಉಳಿದವು. ಆಗ ಅದು ಊರಾಚೆಯ ಕಲ್ಲುಮಣ್ಣಿನ ಬಯಲು. ಪೇಟೆಯಿಂದ ಅಲ್ಲಿಗೆ ಹೋಗುವುದೆಂದರೆ ಪ್ರಯಾಣವೇ ಆಗಿತ್ತು ಅಂತ ಆ ಕಾಲದವರು ಈಗಲೂ ಹೇಳುತ್ತಾರೆ.

ಆ ಕಾಲದ ಕುಲಪತಿಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅರವತ್ತರ ದಶಕದಲ್ಲಿ ವಿ.ಕೃ. ಗೋಕಾಕರು ಆ ಕುರ್ಚಿಯಲ್ಲಿದ್ದರು: ಕವಿ, ಇಂಗ್ಲಿಷ್ ಪ್ರಾಧ್ಯಾಪಕ, ಸತ್ಯಸಾಯಿ ಬಾಬಾ ಅವರ ಭಕ್ತ. ಮುಂದೆ ಪುಟ್ಟಪರ್ತಿಯ ಸಾಯಿ ವಿದ್ಯಾಸಂಸ್ಥೆಗೆ ಮೊದಲ ಕುಲಪತಿಯಾದರು. ಎಪ್ಪತ್ತರ ದಶಕದಲ್ಲಿ ಅದೇ ಕುರ್ಚಿಗೆ ಬಂದವರು ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡ ಮನೆಯ ಹುಡುಗ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿರುವಾಗಲೇ 1942ರ ಚಳವಳಿಗೆ ಇಳಿದು ಜೈಲಿಗೆ ಹೋದರು. ಹೊರಬಂದು ಭೌತವಿಜ್ಞಾನದ ಓದು ಮುಗಿಸಿ, ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್ ಪಡೆದರು. ಮದುವೆಯಾಗಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯೇ ಅವರ ಮನೆ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ನಾಡು ಅವರನ್ನು ಎಚ್ಚೆನ್ ಅಂತಲೇ ಕರೆಯಿತು.

1976ರಲ್ಲಿ ಎಚ್ಚೆನ್ ವಿಶ್ವವಿದ್ಯಾಲಯದ ವತಿಯಿಂದ ಪವಾಡಗಳನ್ನೂ ಪರೀಕ್ಷೆಗೆ ಒಡ್ಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ಗಾಳಿಯಿಂದ ವಸ್ತು ಸೃಷ್ಟಿಸುತ್ತೇನೆ ಅನ್ನುವವರು ಸಮಿತಿಯ ಮುಂದೆ ಅದನ್ನು ಮಾಡಿ ತೋರಿಸಲಿ ಅಂತ ಕೇಳಿದರು. ಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ನಾಡಿನಲ್ಲಿ ದೊಡ್ಡ ಗದ್ದಲವಾಯಿತು. ವಿಶ್ವವಿದ್ಯಾಲಯದ ಕೆಲಸ ಇದೇನಾ ಅಂತ ಕೇಳಿದವರು ಕಡಿಮೆಯಿರಲಿಲ್ಲ. ಇದೇ ಅದರ ಕೆಲಸ ಅಂತ ನಾನು ಖಂಡಿತವಾಗಿ ನಂಬುತ್ತೇನೆ. ಪ್ರಶ್ನೆ ಕೇಳುವುದನ್ನು ತರಗತಿಯೊಳಗೆ ಕಲಿಸಿ, ಗೇಟು ದಾಟಿದ ಮೇಲೆ ಬೇಡ ಅಂದರೆ ಆ ಕಲಿಕೆ ಯಾತಕ್ಕೆ? ‘ಜ್ಞಾನಂ ವಿಜ್ಞಾನ ಸಹಿತಂ’ ಅಂತ ಲಾಂಛನದಲ್ಲಿ ಬರೆದುಕೊಂಡ ಸಂಸ್ಥೆಯಲ್ಲಿ ಆ ಮಾತನ್ನು ಅಕ್ಷರಶಃ ನಡೆಸಿದವರು ಅವರು. ಗೋಕಾಕರ ಶ್ರದ್ಧೆ, ಎಚ್ಚೆನ್ ಅವರ ವೈಚಾರಿಕತೆ, ಎರಡಕ್ಕೂ ಹತ್ತು ವರ್ಷದೊಳಗೆ ಒಂದೇ ಕುರ್ಚಿ ಎಡೆ ಕೊಟ್ಟಿತು. ಅಷ್ಟು ಅಗಲ ಆ ಸಂಸ್ಥೆಗೆ ಆಗ ಇತ್ತು.

ಇದೇ ಅಗಲ ಕನ್ನಡ ಅಧ್ಯಯನ ಕೇಂದ್ರದಲ್ಲೂ ಇತ್ತು. ಜಿ.ಎಸ್. ಶಿವರುದ್ರಪ್ಪನವರು ಅದನ್ನು ವರ್ಷಗಟ್ಟಲೆ ಕಟ್ಟಿ ಬೆಳೆಸಿದರು. ಶಾಸನ, ಛಂದಸ್ಸು, ವಚನಗಳ ಆಳ ಬಲ್ಲ ಎಂ. ಚಿದಾನಂದಮೂರ್ತಿ ಅಲ್ಲಿದ್ದರು. ರಂಗಭೂಮಿಯ ಕೆ. ಮರುಳಸಿದ್ದಪ್ಪ, ಬಂಡಾಯದ ಬರಗೂರು ರಾಮಚಂದ್ರಪ್ಪ, ಮಾತಿನಲ್ಲೇ ಕಾವ್ಯ ಓದಿಸುತ್ತಿದ್ದ ಕಿ.ರಂ. ನಾಗರಾಜ ಅಲ್ಲಿದ್ದರು. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ದಲಿತ ಕೇರಿಯಲ್ಲಿ ಹುಟ್ಟಿ, ನಗರದ ಹಾಸ್ಟೆಲುಗಳಲ್ಲಿ ಬೆಳೆದ ಸಿದ್ಧಲಿಂಗಯ್ಯ ಅಲ್ಲೇ ಓದಿ, ಅಲ್ಲೇ ಸಂಶೋಧನೆ ಮಾಡಿ, ಅಲ್ಲೇ ಪ್ರಾಧ್ಯಾಪಕರಾದರು. ದೊಡ್ಡಬಳ್ಳಾಪುರದ ನೇಕಾರ ಮನೆತನದ ಡಿ.ಆರ್. ನಾಗರಾಜ್ ಅಲ್ಲಿಂದ ಹೊರಟು ಜಗತ್ತಿನ ವಿದ್ವತ್ ವಲಯ ಕಿವಿಗೊಡುವಂಥ ಚಿಂತಕರಾದರು. 1998ರಲ್ಲಿ ತೀರಿಕೊಂಡಾಗ ಅವರಿಗೆ 44 ವರ್ಷ.

ಈ ಹೆಸರುಗಳನ್ನು ಒಟ್ಟಿಗೆ ಹಾಕಿ ನೋಡಿ. ಒಬ್ಬರ ವಿಚಾರ ಇನ್ನೊಬ್ಬರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಚಿದಾನಂದಮೂರ್ತಿಯವರ ನಿಲುವಿಗೂ ಬರಗೂರರ ನಿಲುವಿಗೂ ಎಲ್ಲಿಂದೆಲ್ಲಿಗೆ! ಆದರೂ ವಿದ್ಯಾರ್ಥಿ ಒಂದೇ ಕಟ್ಟಡದಲ್ಲಿ ಇಬ್ಬರನ್ನೂ ಕೇಳಬಹುದಿತ್ತು. ಹಳ್ಳಿಯಿಂದ ಬಂದ ಮೊದಲ ತಲೆಮಾರಿನ ಓದುಗನಿಗೆ ಪಂಪನೂ ಸಿಕ್ಕಿದ, ಅಂಬೇಡ್ಕರರೂ ಸಿಕ್ಕರು. ನಾವು ಓದುವ ಹೊತ್ತಿಗೆ ಇವರಲ್ಲಿ ಹೆಚ್ಚಿನವರು ನಿವೃತ್ತರಾಗಿದ್ದರು ಅಥವಾ ತೀರಿಕೊಂಡಿದ್ದರು. ಆದರೆ ಅವರ ವಾದಗಳು ಕ್ಯಾಂಟೀನಿನಲ್ಲಿ ಇನ್ನೂ ನಡೆಯುತ್ತಿದ್ದವು. ಒಂದು ಟೀಯನ್ನು ಇಬ್ಬರು ಹಂಚಿಕೊಂಡು, ವಚನ ಚಳವಳಿ ಕ್ರಾಂತಿಯೋ ಭಕ್ತಿಯೋ ಅಂತ ಮಧ್ಯಾಹ್ನದ ಕ್ಲಾಸು ತಪ್ಪಿಸಿ ಜಗಳವಾಡುತ್ತಿದ್ದೆವು.

ಮಲ್ಲತ್ತಹಳ್ಳಿಯ ಕಡೆಗೆ, ಜ್ಞಾನಭಾರತಿಗೆ ಸೇರಿದಂತೆಯೇ ಇರುವ ಕಲಾಗ್ರಾಮದಲ್ಲಿ ಈ ಬಳಗದವರೂ ಸೇರಿ ಕೆಲವು ಲೇಖಕರ ಅಂತ್ಯಸಂಸ್ಕಾರ ನಡೆಯಿತು. 2013ರ ಡಿಸೆಂಬರಿನಲ್ಲಿ ಜಿ.ಎಸ್.ಎಸ್., ಮರುವರ್ಷ ಆಗಸ್ಟಿನಲ್ಲಿ ಯು.ಆರ್. ಅನಂತಮೂರ್ತಿ, ಕೋವಿಡ್ ಎರಡನೆಯ ಅಲೆಯ 2021ರ ಜೂನಿನಲ್ಲಿ ಸಿದ್ಧಲಿಂಗಯ್ಯ. ವೀರಶೈವ ಮನೆಯಲ್ಲಿ ಹುಟ್ಟಿದ ರಾಷ್ಟ್ರಕವಿ, ಮಾಧ್ವ ಅಗ್ರಹಾರದಿಂದ ಬಂದ ಕಾದಂಬರಿಕಾರ, ದಲಿತ ಕವಿ: ಮೂವರಿಗೂ ಸರ್ಕಾರಿ ಗೌರವ ಸಂದದ್ದು ಒಂದೇ ನೆಲದಲ್ಲಿ. ನಮ್ಮ ಸಮಾಜದಲ್ಲಿ ಸ್ಮಶಾನಗಳೂ ಜಾತಿಗೊಂದು ಇರುವುದನ್ನು ಬಲ್ಲವರಿಗೆ ಇದು ಸಣ್ಣ ವಿಷಯವಾಗಿ ಕಾಣದು. ಸಾಹಿತ್ಯ ಓದುವ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು.

ಈಗ ಆವರಣದ ಮಾತು. ಮೈಸೂರು ರಸ್ತೆಯ ಗೇಟಿನಲ್ಲಿ ಒಳಗೆ ಕಾಲಿಟ್ಟರೆ ನೂರು ಹೆಜ್ಜೆಯೊಳಗೆ ಗಾಳಿ ಬದಲಾಗುತ್ತದೆ. ಹೊರಗೆ ಮೆಟ್ರೊ ಕಂಬಗಳು, ಲಾರಿಗಳ ಹಾರ್ನು, ವೃಷಭಾವತಿಯ ವಾಸನೆ. ಒಂದು ಕಾಲಕ್ಕೆ ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟುತ್ತದೆ ಅಂತ ಜನ ಕೈಮುಗಿದ ಹೊಳೆ ಈಗ ಅರ್ಧ ಊರಿನ ಕೊಳಚೆ ಹೊತ್ತು ಬೈರಮಂಗಲದ ಕೆರೆಗೆ ಹೋಗುತ್ತದೆ. ಒಳಗೆ ಹೊಂಗೆ, ಬೇವು, ಬಿದಿರು. ಬಯೋಪಾರ್ಕ್ ಅಂತ ಕರೆಯುವ ಭಾಗದಲ್ಲಿ ಬರಡಾಗಿದ್ದ ನೆಲದ ಮೇಲೆ ವರ್ಷವರ್ಷವೂ ಗಿಡ ನೆಟ್ಟು ಕಾಡು ಮಾಡಿದ್ದಾರೆ. ಮಳೆಗಾಲ ಕಳೆದ ಮೇಲೆ ಬೆಳಿಗ್ಗೆ ಆರಕ್ಕೆ ಹೋದರೆ ನವಿಲು ಕೂಗುವುದು ಕೇಳುತ್ತದೆ. ಕಾಲುದಾರಿಯ ಕೆಂಪು ಮಣ್ಣಿನ ಮೇಲೆ ಹೊಂಗೆಯ ಕಾಯಿ ಬಿದ್ದಿರುತ್ತದೆ, ನಡೆದರೆ ಚಪ್ಪಲಿಯ ಕೆಳಗೆ ಚಟಚಟ ಅನ್ನುತ್ತದೆ. ಇದ್ದಕ್ಕಿದ್ದಂತೆ ಒಂದು ಬಂಡೆ ಎದ್ದು ನಿಲ್ಲುತ್ತದೆ, ಅದರ ನೆರಳಲ್ಲಿ ಯಾರೋ ಹುಡುಗ ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಹಿಡಿದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿರುತ್ತಾನೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಇಷ್ಟು ದೊಡ್ಡ ಹಸಿರು ಇನ್ನೊಂದಿಲ್ಲ.

ಆದರೆ ಈ ನೆಲದ ಮೇಲೆ ಎಲ್ಲರ ಕಣ್ಣು. ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆ, ರಾಷ್ಟ್ರೀಯ ಕಾನೂನು ಶಾಲೆ, ಕ್ರೀಡಾ ಪ್ರಾಧಿಕಾರ, ದೇಶದ ಕಾಲೇಜುಗಳಿಗೆಲ್ಲ ಗ್ರೇಡ್ ಕೊಡುವ ನ್ಯಾಕ್, ಎಲ್ಲ ಇಲ್ಲೇ, ಇದರ ಅಂಚಿನಲ್ಲೇ ಬಂದು ನೆಲೆನಿಂತವು. ಅವು ಒಳ್ಳೆಯ ಸಂಸ್ಥೆಗಳು, ಅವಕ್ಕೆ ಜಾಗ ಸಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ. ಇನ್ನು ಮುಂದೆಯೂ ಊರಿನಲ್ಲಿ ಯಾವ ಕಟ್ಟಡಕ್ಕೆ ಜಾಗ ಬೇಕಾದರೂ ಜ್ಞಾನಭಾರತಿಯ ಕಡೆ ಬೆರಳು ತೋರಿಸುವುದು ನಿಲ್ಲಬೇಕು. ರಸ್ತೆಯದ್ದೂ ಇದೇ ಕಥೆ. ನಾಗರಭಾವಿಯಿಂದ ಮೈಸೂರು ರಸ್ತೆಗೆ ಹೋಗುವವರಿಗೆ ಆವರಣದ ಒಳದಾರಿಯೇ ಹತ್ತಿರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹಾಸ್ಟೆಲಿನಿಂದ ವಿಭಾಗಕ್ಕೆ ನಡೆದು ಹೋಗುವ ಮಕ್ಕಳು ಕಾರುಗಳ ನಡುವೆ ಜೀವ ಕೈಯಲ್ಲಿ ಹಿಡಿದು ದಾಟಬೇಕು. 2022ರ ಅಕ್ಟೋಬರಿನಲ್ಲಿ ಆವರಣದೊಳಗೇ ಬಸ್ಸಿಗೆ ಸಿಕ್ಕ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೊರಗಿನ ವಾಹನ ನಿಲ್ಲಿಸಿ ಅಂತ ಮಕ್ಕಳು ರಸ್ತೆಯ ಮೇಲೆ ಕೂತರು. ಅವರು ಕೇಳಿದ್ದು ತೀರಾ ನ್ಯಾಯವಾದದ್ದು. ಓದುವ ಜಾಗ ಯಾರ ಅಡ್ಡದಾರಿಯೂ ಆಗಬಾರದು.

ಆಡಳಿತದ ಒಡಕಿನ ಬಗ್ಗೆಯೂ ಎರಡು ಮಾತು. ಬೆಂಗಳೂರು ವಿಶ್ವವಿದ್ಯಾಲಯ ಕೂಡುಕುಟುಂಬದ ಹಾಗೆ ಪಾಲಾಗುತ್ತಲೇ ಬಂದಿದೆ. 1996ರಲ್ಲಿ ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ, 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ವಿಟಿಯುಗೆ, 2004ರಲ್ಲಿ ತುಮಕೂರು ಸೀಮೆ ತನ್ನದೇ ವಿಶ್ವವಿದ್ಯಾಲಯಕ್ಕೆ ಹೋದವು. ಇಷ್ಟಾದ ಮೇಲೂ ಆರುನೂರಕ್ಕೂ ಹೆಚ್ಚು ಕಾಲೇಜುಗಳ ಪರೀಕ್ಷೆ, ಮೌಲ್ಯಮಾಪನ, ಅಂಕಪಟ್ಟಿಯ ಹೊರೆ ಇದ್ದೇ ಇತ್ತು. 2017ರಲ್ಲಿ ಮೂರು ಭಾಗವಾಯಿತು: ಜ್ಞಾನಭಾರತಿಯದು ಹಳೆಯ ಹೆಸರು ಉಳಿಸಿಕೊಂಡಿತು, ಸೆಂಟ್ರಲ್ ಕಾಲೇಜು ಕೇಂದ್ರ ವಿಶ್ವವಿದ್ಯಾಲಯವಾಗಿ ಆಮೇಲೆ ನಗರ ವಿಶ್ವವಿದ್ಯಾಲಯವಾಯಿತು, ಕೋಲಾರದ ಕಡೆಯದು ಉತ್ತರ ವಿಶ್ವವಿದ್ಯಾಲಯವಾಯಿತು. 2021ರ ಕಾಯ್ದೆಯಿಂದ ಯುವಿಸಿಇಯೂ ಸ್ವತಂತ್ರವಾಯಿತು. ಒಂದೇ ಕಚೇರಿ ಲಕ್ಷಾಂತರ ಉತ್ತರಪತ್ರಿಕೆ ನಿಭಾಯಿಸುವುದು ಆಗದ ಮಾತು, ಹಂಚಿದ್ದು ಸರಿಯೇ. ಆದರೆ ಹಂಚುವಾಗ ಚರಿತ್ರೆಯನ್ನು ಯಾರ ಪಾಲಿಗೂ ಬರೆದಿಡಲಿಲ್ಲ. ‘ಪ್ರಬುದ್ಧ ಕರ್ನಾಟಕ’ ಹುಟ್ಟಿದ ಕಾಲೇಜು ಒಂದು ವಿಶ್ವವಿದ್ಯಾಲಯದಲ್ಲಿ, ಆ ಮನೋಧರ್ಮವನ್ನು ಮುಂದುವರಿಸಿದ ಅಧ್ಯಯನ ಕೇಂದ್ರ ಇನ್ನೊಂದರಲ್ಲಿ. ಇಬ್ಬರೂ ತಮ್ಮತಮ್ಮ ವೆಬ್‌ಸೈಟುಗಳಲ್ಲಿ ಅದೇ ಮಹನೀಯರ ಹೆಸರು ಹಾಕಿಕೊಂಡರೆ ಸಾಲದು.

ಇವೆಲ್ಲ ಯಾರಿಗಾಗಿ ಅಂತ ಕೇಳಿದರೆ ನನ್ನ ಉತ್ತರ ಜ್ಞಾನಭಾರತಿಯ ಗ್ರಂಥಾಲಯದ ಓದುಕೋಣೆಯಲ್ಲಿದೆ. ರಾತ್ರಿಯವರೆಗೂ ಅಲ್ಲಿ ಮಕ್ಕಳು ಕೂತಿರುತ್ತಾರೆ. ಮೇಜಿನ ಮೇಲೆ ನೀರಿನ ಬಾಟಲಿ, ಹೈಲೈಟರ್ ಹಚ್ಚಿದ ಜೆರಾಕ್ಸ್ ಹಾಳೆಗಳು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ. ಮಾಗಡಿ, ಕನಕಪುರ, ಶಿರಾ, ಪಾವಗಡದವರು, ರಾಯಚೂರು ಕಲಬುರಗಿಯಷ್ಟು ದೂರದಿಂದ ಬಂದವರು. ಅಪ್ಪ ಅಮ್ಮ ಕೂಲಿ ಮಾಡುವವರು, ರಾಗಿ ಬೆಳೆಯುವವರು, ಗಾರ್ಮೆಂಟ್ಸಿಗೆ ಹೋಗುವವರು. ಖಾಸಗಿ ವಿಶ್ವವಿದ್ಯಾಲಯದ ಒಂದು ಸೆಮಿಸ್ಟರಿನ ಫೀಸಿನಲ್ಲಿ ಇವರ ಇಡೀ ಎಂ.ಎ. ಮುಗಿದುಹೋಗುತ್ತದೆ. ಹಾಸ್ಟೆಲಿನ ಮುದ್ದೆ ಸಾರು ತಿಂದು ಪಿಎಚ್.ಡಿ. ಮಾಡಿ ಹೆಸರಿನ ಮುಂದೆ ‘ಡಾ.’ ಬರೆಸಿಕೊಂಡಾಗ, ಊರಿನಲ್ಲಿ ಆ ಮನೆಯನ್ನು ಜನ ನೋಡುವ ಬಗೆಯೇ ಬದಲಾಗುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ. ಸಿದ್ಧಲಿಂಗಯ್ಯನವರಿಗೆ ತೆರೆದ ಬಾಗಿಲು ಇವರಿಗೂ ತೆರೆದಿರಬೇಕಾದರೆ ಇಂಥದೊಂದು ಸರ್ಕಾರಿ ವಿಶ್ವವಿದ್ಯಾಲಯ ಗಟ್ಟಿಯಾಗಿ ನಿಂತಿರಬೇಕು.

ಬಾಗಿಲು ತೆರೆದರೆ ಸಾಕೆ, ಒಳಗೆ ಮೇಷ್ಟ್ರು ಇರಬೇಡವೆ? ನಿವೃತ್ತರಾದವರ ಜಾಗಕ್ಕೆ ಕಾಯಂ ನೇಮಕಾತಿ ಆಗದೆ, ವಿಭಾಗ ವಿಭಾಗಗಳೇ ಅತಿಥಿ ಉಪನ್ಯಾಸಕರ ಬಲದಲ್ಲಿ ನಡೆಯುತ್ತಿವೆ. ಅವರಲ್ಲಿ ನನ್ನ ಗೆಳೆಯ ಗೆಳತಿಯರೂ ಇದ್ದಾರೆ. ಚೆನ್ನಾಗಿ ಓದಿಕೊಂಡವರು, ಚೆನ್ನಾಗಿ ಪಾಠ ಮಾಡುವವರು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲಿ ಹತ್ತು ವರ್ಷದ ಸಂಶೋಧನೆಗೆ ಯಾರು ಕೈಹಾಕುತ್ತಾರೆ? ಜಿ.ಎಸ್.ಎಸ್. ಒಂದು ಕೇಂದ್ರವನ್ನು ಕಟ್ಟಬಲ್ಲವರಾದದ್ದು ಅಲ್ಲೇ ನೆಲೆನಿಂತು ಎರಡು ದಶಕ ಕೆಲಸ ಮಾಡುವ ಅವಕಾಶ ಅವರಿಗೆ ಇದ್ದುದರಿಂದ. ಹೊಸ ಕಟ್ಟಡ ಆಮೇಲೆ ನೋಡೋಣ. ಮೊದಲು ಖಾಲಿ ಹುದ್ದೆಗಳನ್ನು ತುಂಬಲಿ.

ಹಾಗೆಯೇ ಸೆಂಟ್ರಲ್ ಕಾಲೇಜಿನಲ್ಲೂ ಒಂದು ಕೆಲಸ ಬಾಕಿಯಿದೆ. ಆ ಹಳೆಯ ಕಟ್ಟಡದ ಒಂದು ಕೋಣೆಯನ್ನಾದರೂ ಕೃಷ್ಣಶಾಸ್ತ್ರಿಗಳ ಸಂಘಕ್ಕೂ ವೆಂಕಟನಾರಣಪ್ಪನವರ ಪತ್ರಿಕೆಗೂ ಎತ್ತಿಡಬೇಕು. ಹಳೆಯ ಸಂಚಿಕೆಗಳನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡುವಂತಿರಬೇಕು. ಸೆಂಟ್ರಲ್ ಕಾಲೇಜು ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ರೈಲು ಬದಲಿಸದೆ ಜ್ಞಾನಭಾರತಿಯಲ್ಲಿ ಇಳಿಯಬಹುದು. ಈ ಸೆಮಿಸ್ಟರಿನಲ್ಲಿ ನನ್ನ ಎರಡನೆಯ ವರ್ಷದ ಮಕ್ಕಳನ್ನು ಆ ದಾರಿಯಲ್ಲೇ ಕರೆದುಕೊಂಡು ಹೋಗುತ್ತಿದ್ದೇನೆ. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ. ಬುತ್ತಿ ಕಟ್ಟಿಕೊಂಡು ಬನ್ನಿ ಅಂತ ಹೇಳಿದ್ದೇನೆ. ಬೇರೆ ಕಾಲೇಜಿನ ಮೇಷ್ಟ್ರುಗಳು ಯಾರಾದರೂ ತಮ್ಮ ತರಗತಿಯ ಜೊತೆ ಸೇರಿಕೊಳ್ಳುವುದಾದರೆ ದಯವಿಟ್ಟು ತಿಳಿಸಿ, ದಿನ ಹೊಂದಿಸಿಕೊಳ್ಳೋಣ.